ಅಂಗಡಿಯಿಲ್ಲದವರ ಅಂಗಡಿ

ಹೈದರಾಬಾದಿನ ಯಾವ ಬಡಾವಣೆಯ ಕಿರಾಣಿ ಅಂಗಡಿಯ ಮುಂದೆ ನಿಂತರೂ ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ ಗೇಣಗಲದ ಒಂದು ಜಾಗ ಕಣ್ಣಿಗೆ ಬೀಳುತ್ತದೆ. ಇಡೀ ಅಂಗಡಿಯಲ್ಲಿ ಅದಕ್ಕಿಂತ ಬೆಲೆಬಾಳುವ ನೆಲ ಇನ್ನೊಂದಿಲ್ಲ. ಒಳಗಿನ ಕಪಾಟುಗಳಲ್ಲಿರುವ ಸರಕನ್ನು ಗಿರಾಕಿ ಹೆಸರು ಹೇಳಿ ಕೇಳಬೇಕು, ಅಂಗಡಿಯವನು ಎದ್ದು ತಂದುಕೊಡಬೇಕು. ಗಲ್ಲಾದ ಮಗ್ಗುಲಿನ ಸರಕಿಗೆ ಆ ಹಂಗಿಲ್ಲ. ಚಿಲ್ಲರೆಗಾಗಿ ಕಾಯುವ ಅರೆಗಳಿಗೆಯಲ್ಲಿ ಕಣ್ಣು ತಾನಾಗಿ ಅತ್ತ ಹೊರಳುತ್ತದೆ, ಕೈ ಕಣ್ಣನ್ನು ಹಿಂಬಾಲಿಸುತ್ತದೆ. ಕೆಮ್ಮಿನ ಗುಳಿಗೆ, ಶೇಂಗಾ ಚಿಕ್ಕಿ, ಬೆಂಕಿಪೊಟ್ಟಣ, ಊದಿನಕಡ್ಡಿ, ಐದು ರೂಪಾಯಿಯ ಬಿಸ್ಕತ್ತು ಇವೆಲ್ಲ ಅಲ್ಲಿ ನಿಂತಿರುವುದು ಬೆನ್ನು ಎತ್ತರಿಸಿ ಎದೆ ತೆರೆದ ರಟ್ಟಿನ ಸಣ್ಣ ಸಣ್ಣ ಪೆಟ್ಟಿಗೆಗಳಲ್ಲಿ.

ಈ ಪೆಟ್ಟಿಗೆಯನ್ನು ಯಾರೂ ಕೊಳ್ಳುವುದಿಲ್ಲ, ಯಾರೂ ಮನೆಗೆ ಒಯ್ಯುವುದಿಲ್ಲ. ಅದರ ಆಯುಷ್ಯ ಬಹಳವೆಂದರೆ ಒಂದೆರಡು ತಿಂಗಳು. ಆದರೂ ಅದನ್ನು ಯಾರೋ ಕುಳಿತು ಯೋಚಿಸಿ ಗೆರೆ ಎಳೆದು ರೂಪಿಸಿದ್ದಾರೆ. ಕಾರ್ಖಾನೆಯಿಂದ ಹಾಳೆಯಂತೆ ಚಪ್ಪಟೆಯಾಗಿ ಹೊರಟು, ಅಂಗಡಿಯಲ್ಲಿ ನಾಲ್ಕು ಮಡಿಕೆಗಳಿಂದ ಎದ್ದು ನಿಂತು, ಕೆಲಸ ಮುಗಿದ ಮೇಲೆ ಮತ್ತೆ ಚಪ್ಪಟೆಯಾಗಿ ರದ್ದಿಯವನ ಚೀಲ ಸೇರುವ ಈ ವಸ್ತುವಿನ ಬಗ್ಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ಇದು ಅಂಗಡಿಯಿಲ್ಲದವರ ಅಂಗಡಿ. ಜಾಹೀರಾತಿಗೆ ಹಣವಿಲ್ಲದ, ಸ್ವಂತ ಮಳಿಗೆಯಿಲ್ಲದ ಸಣ್ಣ ತಯಾರಕರಿಗೆ ಪರಊರಿನಲ್ಲಿ ದೊರಕಬಹುದಾದ ಒಂದೇ ನೆಲೆ ಇದು. ಹಾಗಿದ್ದೂ ನಮ್ಮವರು ಇದನ್ನು ಅತಿ ಕಡಿಮೆ ಗಮನಕೊಟ್ಟು, ಬಹುಪಾಲು ತಪ್ಪು ಕಣ್ಣುಗಳಿಗಾಗಿ ರೂಪಿಸುತ್ತಿದ್ದಾರೆ. ಕಂಪ್ಯೂಟರಿನ ಪರದೆಯ ಮೇಲೆ ನೋಡಿ ಮೆಚ್ಚುವವರಿಗಾಗಿ ಪೆಟ್ಟಿಗೆ ತಯಾರಾಗುತ್ತಿದೆ. ಅದನ್ನು ಕೈಯಲ್ಲಿ ಹಿಡಿದು ನಿಲ್ಲಿಸಬೇಕಾದವರ ನೆನಪು ಯಾರಿಗೂ ಇದ್ದಂತಿಲ್ಲ.

ಮಡಚುವ ಪೆಟ್ಟಿಗೆ ಹುಟ್ಟಿದ ಕಥೆಯೇ ಒಂದು ಆಕಸ್ಮಿಕದ ಕಥೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಕಾಗದದ ಚೀಲಗಳ ಕಾರ್ಖಾನೆ ನಡೆಸುತ್ತಿದ್ದವನು ರಾಬರ್ಟ್ ಗೇರ್. 1879ರಲ್ಲಿ ಅವನ ಕಾರ್ಖಾನೆಯಲ್ಲಿ ಬೀಜದ ಚೀಲಗಳು ಅಚ್ಚಾಗುತ್ತಿದ್ದಾಗ ಯಂತ್ರದಲ್ಲಿದ್ದ ಲೋಹದ ಪಟ್ಟಿಯೊಂದು ಇರಬೇಕಾದ ಮಟ್ಟಕ್ಕಿಂತ ಮೇಲೆದ್ದು, ಚೀಲಗಳ ಮೇಲೆ ಗೆರೆ ಮೂಡಿಸುವ ಬದಲು ಅವನ್ನು ಕತ್ತರಿಸಿಬಿಟ್ಟಿತು. ಕೆಟ್ಟ ಚೀಲಗಳನ್ನು ನೋಡಿದ ಗೇರ್‌ಗೆ ಹೊಳೆದದ್ದು ಬೇರೆ. ಎತ್ತರದ ಪಟ್ಟಿ ಕತ್ತರಿಸುತ್ತದೆ, ತಗ್ಗಿನ ಪಟ್ಟಿ ಮಡಿಕೆಯ ಗೆರೆ ಹಾಕುತ್ತದೆ. ಎರಡನ್ನೂ ಒಂದೇ ಅಚ್ಚಿನಲ್ಲಿ ಕೂಡಿಸಿದರೆ ಒಂದೇ ಒತ್ತಿನಲ್ಲಿ ಪೆಟ್ಟಿಗೆಯ ಪೂರ್ತಿ ರೂಪ ಸಿದ್ಧವಾಗುತ್ತದೆ. ಅಲ್ಲಿಯವರೆಗೆ ರಟ್ಟಿನ ಡಬ್ಬಿಗಳನ್ನು ಕೈಯಿಂದ ಕತ್ತರಿಸಿ, ಕೈಯಿಂದ ಮಡಿಸಿ, ಅಂಟಿಸಿ ಮಾಡುತ್ತಿದ್ದರು. ಇಂದು ನಮ್ಮ ಮುದ್ರಣಾಲಯಗಳಲ್ಲಿ ‘ಡೈ’ ಎಂದು ಕರೆಯುವ ಪ್ಲೈವುಡ್ ಹಲಗೆ, ಅದರಲ್ಲಿ ನೆಟ್ಟ ಉಕ್ಕಿನ ಪಟ್ಟಿಗಳು, ಎಲ್ಲವೂ ಆ ಹೊಳಹಿನ ಸಂತಾನ.

ಗೇರ್ ತಂದ ಬದಲಾವಣೆಯ ತಿರುಳು ವೇಗ ಮಾತ್ರವಲ್ಲ. ಅದಕ್ಕಿಂತ ದೊಡ್ಡದು ಚಪ್ಪಟೆತನ. ಗಟ್ಟಿ ಡಬ್ಬಿಯನ್ನು ಸಾಗಿಸುವುದೆಂದರೆ ಅದರೊಳಗಿನ ಗಾಳಿಗೂ ಬಾಡಿಗೆ ತೆತ್ತಂತೆ. ಮಡಚಿದ ಪೆಟ್ಟಿಗೆಗಳಾದರೆ ನೂರಾರು ಒಂದೇ ಕಟ್ಟಿನಲ್ಲಿ ಹೋಗುತ್ತವೆ. 1898ರಲ್ಲಿ ಸ್ಥಾಪನೆಯಾದ ಅಮೆರಿಕದ ನ್ಯಾಷನಲ್ ಬಿಸ್ಕೆಟ್ ಕಂಪನಿ ‘ಯುನೀಡಾ’ ಎಂಬ ಬಿಸ್ಕತ್ತನ್ನು ಮೇಣದ ಕಾಗದದ ಒಳಪದರವಿದ್ದ ಮಡಚುವ ಪೆಟ್ಟಿಗೆಯಲ್ಲಿ ತುಂಬಿ ಊರೂರಿಗೆ ಕಳಿಸಿತು. ಅದುವರೆಗೆ ಬಿಸ್ಕತ್ತು ಪೀಪಾಯಿಯಲ್ಲಿ ಬಂದು ಅಂಗಡಿಯವನ ಕೈಯಿಂದ ತೂಕವಾಗಿ ಹೊರಬೀಳುವ ಹೆಸರಿಲ್ಲದ ಸರಕಾಗಿತ್ತು. ಪೆಟ್ಟಿಗೆ ಬಂದ ಮೇಲೆ ಅದಕ್ಕೆ ಹೆಸರು, ಮುಖ ಎರಡೂ ಬಂದವು. ಗಿರಾಕಿಯ ನಂಬಿಕೆ ಅಂಗಡಿಯವನಿಂದ ಪೆಟ್ಟಿಗೆಗೆ ವರ್ಗವಾಯಿತು. ಇದರ ಲಾಭನಷ್ಟಗಳ ಚರ್ಚೆ ಬೇರೆ, ವರ್ಗವಾದದ್ದಂತೂ ನಿಜ.

ಹೈದರಾಬಾದು ಈ ಎರಡೂ ಕಾಲಗಳನ್ನು ಇಂದಿಗೂ ಅಕ್ಕಪಕ್ಕದಲ್ಲಿ ಇಟ್ಟುಕೊಂಡಿರುವ ಊರು. ಇರಾನಿ ಹೋಟೆಲಿನ ಗಲ್ಲಾದ ಮೇಲೆ ಉಸ್ಮಾನಿಯಾ ಬಿಸ್ಕತ್ತುಗಳು ಗಾಜಿನ ಭರಣಿಯೊಳಗೆ ಹೆಸರಿನ ಗೊಡವೆಯಿಲ್ಲದೆ ಕಾಣುತ್ತವೆ. ಅಲ್ಲಿ ಹೋಟೆಲೇ ಹೆಸರು. ಅದೇ ಊರಿನಲ್ಲಿ ಖಾನ್‌ಚಂದ್ ರಾಮ್ನಾನಿಯವರು 1953ರಲ್ಲಿ ಮೊಅಜ್ಜಂ ಜಾಹಿ ಮಾರುಕಟ್ಟೆಯ ಬಳಿ ಆರಂಭಿಸಿದ ಕರಾಚಿ ಬೇಕರಿಯ ಹಣ್ಣಿನ ಬಿಸ್ಕತ್ತು ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು ರೈಲು ವಿಮಾನಗಳನ್ನೇರಿ ದೇಶವೆಲ್ಲ ಸುತ್ತುತ್ತದೆ. ಲಾಡ್ ಬಜಾರಿನ ಅರಗಿನ ಬಳೆಗಳು ರಟ್ಟಿನ ಕೊಳವೆಗೆ ಪೋಣಿಸಿಕೊಂಡು ಮಿರುಗುತ್ತವೆ. ವಜೀರ್ ಸುಲ್ತಾನ್ ತಂಬಾಕು ಕಂಪನಿಯ ಸಿಗರೇಟು ಪೊಟ್ಟಣದ ಮೇಲಿದ್ದ ಚಾರ್‌ಮಿನಾರಿನ ಚಿತ್ರವನ್ನು ಈ ಊರಿಗೆ ಎಂದೂ ಕಾಲಿಡದ ಲಕ್ಷಾಂತರ ಜನ ನೋಡಿದ್ದಾರೆ. ಸಿಗರೇಟನ್ನು ಹೊಗಳುವ ಉದ್ದೇಶ ನನಗಿಲ್ಲ. ಅಂಗೈಯಗಲದ ರಟ್ಟು ಒಂದು ಊರನ್ನು ಎಷ್ಟು ದೂರ ಹೊತ್ತೊಯ್ಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ರಟ್ಟಿನ ವಿಷಯದಲ್ಲಿಯೂ ಈ ನೆಲ ಬಡವಾದುದಲ್ಲ. ಮೈಸೂರಿನ ಅರಸರು ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಗೆ ಬುನಾದಿ ಹಾಕಿದ 1930ರ ದಶಕದಲ್ಲಿಯೇ ನಿಜಾಮರ ರಾಜ್ಯದಲ್ಲಿ ಸಿರ್‌ಪುರದ ಕಾರ್ಖಾನೆ ರೂಪುಗೊಂಡಿತು. ಅದರಿಂದಲೇ ಆ ಊರಿಗೆ ಕಾಗಜ್‌ನಗರ ಎಂಬ ಹೆಸರು ಅಂಟಿಕೊಂಡಿತು. 2014ರಲ್ಲಿ ಮುಚ್ಚಿದ್ದ ಆ ಕಾರ್ಖಾನೆ 2018ರಲ್ಲಿ ಹೊಸ ಒಡೆತನದಲ್ಲಿ ಮತ್ತೆ ತೆರೆಯಿತು. ಗೋದಾವರಿಯ ದಂಡೆಯ ಭದ್ರಾಚಲದ ಬಳಿ, ಸಾರಪಾಕದಲ್ಲಿ, 1979ರಿಂದ ರಟ್ಟು ತಯಾರಾಗುತ್ತಿದೆ. ಐಟಿಸಿ ಕಂಪನಿಯ ಆ ವಿಭಾಗದ ಮುಖ್ಯ ಕಚೇರಿ ಇರುವುದು ನಮ್ಮ ಸಿಕಂದರಾಬಾದಿನಲ್ಲಿ. ದೇಶದ ಅನೇಕ ಔಷಧದ ಡಬ್ಬಿ, ಸಾಬೂನಿನ ಡಬ್ಬಿಗಳ ಹಾಳೆ ಇಲ್ಲಿಂದ ಹೊರಟದ್ದು. ಇನ್ನು ಚಾರ್‌ಮಿನಾರಿನ ಸಮೀಪದ ಛತ್ತಾ ಬಜಾರಿನಲ್ಲಿ ಮದುವೆಯ ಕರೆಯೋಲೆ ಮುದ್ರಿಸುವವರ ಸಾಲು ಸಾಲು ಅಂಗಡಿಗಳಿವೆ. ಇನ್ನೂರು ಮುನ್ನೂರು ಪ್ರತಿಗಳ ಸಣ್ಣ ಕೆಲಸವನ್ನೂ ಅಕ್ಕರೆಯಿಂದ ಮಾಡುವ ಪರಂಪರೆ ಅದು. ಹಾಳೆ ಇದೆ, ಕೈಯಿದೆ, ಮಾರುಕಟ್ಟೆಯಿದೆ. ಕೊರತೆ ಇರುವುದು ಯೋಚನೆಯಲ್ಲಿ.

ಯೋಚಿಸಿ ಮಾಡಿದ ಪೆಟ್ಟಿಗೆ ಹೇಗಿರುತ್ತದೆ ಎಂಬುದಕ್ಕೆ ಕನ್ನಡಿಗರು ಹೊರಗೆ ಹುಡುಕಬೇಕಿಲ್ಲ. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಆರಂಭವಾಯಿತು. ಅದರ ಬೆನ್ನಿಗೇ ಬಂದ ಸಾಬೂನಿಗೆ ಎಸ್. ಜಿ. ಶಾಸ್ತ್ರಿಯವರು ಪರಿಮಳದಷ್ಟೇ ಪೆಟ್ಟಿಗೆಯ ಕಡೆಗೂ ಗಮನ ಕೊಟ್ಟರು. ಸಾಬೂನು ದೀರ್ಘವೃತ್ತದ ಆಕಾರದ್ದು, ಡಬ್ಬಿಯೋ ಒಡವೆಯ ಕರಡಿಗೆಯಂತೆ ಆಯತಾಕಾರದ್ದು. ಮೇಲೆ ಹೂಬಳ್ಳಿಯ ಚಿತ್ತಾರ, ಒಳಗೆ ತೆಳುಕಾಗದದ ಹೊದಿಕೆ, ಗುರುತಾಗಿ ಸಿಂಹದ ಮೈಗೆ ಆನೆಯ ಸೊಂಡಿಲು ಕೂಡಿದ ಶರಭ. ನೂರು ವರ್ಷ ಕಳೆದರೂ ಆ ಡಬ್ಬಿಯನ್ನು ಕಪಾಟಿನ ಸಂದಿಯಲ್ಲಿ ಕಂಡರೆ ಹೊರನಾಡ ಕನ್ನಡಿಗನ ಮುಖ ಅರಳುತ್ತದೆ. ಅದು ಸರ್ಕಾರದ ಹಣ ಬೆನ್ನಿಗಿದ್ದ ಕೆಲಸ ಎನ್ನಬಹುದು. ಹಣ ಹಾಳೆಯ ಗುಣವನ್ನು ಕೊಂಡೀತು, ಒಡವೆಯ ಕರಡಿಗೆಯನ್ನು ನೆನೆದ ಮನಸ್ಸನ್ನು ಕೊಳ್ಳದು.

ಈಗ ನಮ್ಮ ಕಾಲದ ಒಂದು ಸರಕನ್ನು ಎದುರಿಗೆ ಇಟ್ಟುಕೊಳ್ಳೋಣ: ಜೋಳದ ಖಡಕ್ ರೊಟ್ಟಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಳಿ ಬಿದ್ದಂದಿನಿಂದ ಕಲಬುರಗಿ, ರಾಯಚೂರು, ಬೀದರ ಸೀಮೆಯ ಜನರಿಗೂ ಸರಕಿಗೂ ಹೈದರಾಬಾದು ಹತ್ತಿರದ ಪೇಟೆ. 1956ರ ನವೆಂಬರ್ 1ರವರೆಗೆ ಅದು ಅವರ ರಾಜಧಾನಿಯೂ ಹೌದು. ಇಂದು ಕಲ್ಯಾಣ ಕರ್ನಾಟಕದ ಅನೇಕ ಸ್ತ್ರೀಶಕ್ತಿ ಗುಂಪುಗಳ ಹೆಣ್ಣುಮಕ್ಕಳು ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳಿನ ಹಿಂಡಿ ಮಾಡಿ ಮಾರುತ್ತಾರೆ. ಅವು ಈ ಊರಿಗೂ ಬರುತ್ತವೆ. ಹೇಗೆ ಬರುತ್ತವೆ? ಪ್ಲಾಸ್ಟಿಕ್ ಚೀಲದೊಳಗೆ ಹತ್ತು ಹತ್ತರ ಕಟ್ಟಾಗಿ, ಅಂಚು ಮುರಿದು, ಹೆಸರಿನ ಚೀಟಿ ಮಸುಕಾಗಿ. ಅಂಗಡಿಯವನು ಅವನ್ನು ಇಡಲು ಜಾಗ ಕಾಣದೆ ಎಣ್ಣೆಯ ಡಬ್ಬಗಳ ಮೇಲೆ ಮಲಗಿಸುತ್ತಾನೆ. ಯಾರಾದರೂ ಕೇಳಿದರೆ ಅದು ಹೊರಬರುತ್ತದೆ. ಹೆಸರು ಗೊತ್ತಿಲ್ಲದವನು ಕೇಳುವುದಾದರೂ ಹೇಗೆ?

ಗಾಳಿ ತಾಗಿದರೆ ಮೆತ್ತಗಾಗುವ, ಕೈ ತಾಗಿದರೆ ಮುರಿಯುವ, ಒಂಬತ್ತು ಹತ್ತು ಅಂಗುಲ ಅಗಲದ ದುಂಡನೆಯ ವಸ್ತುವಿಗೆ ಪೆಟ್ಟಿಗೆ ಮಾಡುವುದು ಸುಲಭದ ಮಾತಲ್ಲ. ಅದಕ್ಕಾಗಿಯೇ ಅದು ಒಳ್ಳೆಯ ಪರೀಕ್ಷೆ. ಮಲಗಿಸಿದರೆ ಗಲ್ಲಾದ ಮೇಲೆ ಹತ್ತು ಅಂಗುಲದ ಚೌಕ ನುಂಗುತ್ತದೆ. ಅಷ್ಟು ಜಾಗ ಯಾವ ಅಂಗಡಿಯವನೂ ಕೊಡಲಾರ. ಪುಸ್ತಕದಂತೆ ಹಿಂದಕ್ಕೆ ಒರಗಿಸಿ ನಿಲ್ಲಿಸಿದರೆ ಐದು ಅಂಗುಲದ ಆಳದಲ್ಲಿ ಹಲವು ಕಟ್ಟು ಹಿಡಿಸುತ್ತವೆ, ರೊಟ್ಟಿಯ ದುಂಡು ಮುಖವೂ ಕಾಣುತ್ತದೆ. ಆದರೆ ಒರಗಿದ ಭಾರವೆಲ್ಲ ಬೆನ್ನಿನ ಮೇಲೆ. ಆದ್ದರಿಂದ ಬೆನ್ನಿಗೆ ಎರಡು ಪದರ ಬೇಕು, ಹಿಂದೆ ಒಂದು ಊರುಗೋಲು ಬೇಕು. ಮುಂದಿನ ತುಟಿ ಸರಕಿನ ಎತ್ತರದ ಮೂರನೆಯ ಒಂದು ಭಾಗವನ್ನು ಮೀರಬಾರದು. ಮೀರಿದರೆ ಸರಕನ್ನು ಮುಚ್ಚುತ್ತದೆ, ತೀರ ತಗ್ಗಿದರೆ ಸರಕು ಜಾರುತ್ತದೆ. ಗಲ್ಲಾದ ಮೇಲೆ ಜಾಗ ದೊರೆಯದಿದ್ದರೆ ಗೋಡೆಯ ಮೊಳೆಗೆ ನೇತುಹಾಕಲು ಬೆನ್ನಿನ ತುದಿಯಲ್ಲಿ ಒಂದು ರಂಧ್ರವಿರಬೇಕು. ಶಾಂಪೂ ಪುಡಕೆಗಳ ಸರಗಳು ಪ್ರತಿ ಕಿರಾಣಿ ಅಂಗಡಿಯ ತೋರಣವಾಗಿರುವುದು ಅವು ಗಲ್ಲಾದ ಒಂದಂಗುಲವನ್ನೂ ಬೇಡುವುದಿಲ್ಲವೆಂಬ ಕಾರಣಕ್ಕೇ.

ಇವು ಜಾಣತನದ ಮಾತುಗಳಲ್ಲ, ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಯಾರಿಗೂ ತಿಳಿಯುವಂಥವು. ಆದರೆ ಪೆಟ್ಟಿಗೆ ರೂಪಿಸುವವರು ಅಲ್ಲಿ ನಿಲ್ಲುವುದಿಲ್ಲ. ಅವರ ಚಿತ್ರದಲ್ಲಿ ಪೆಟ್ಟಿಗೆ ಸದಾ ತುಂಬಿರುತ್ತದೆ, ಬೆಳಕು ಎದುರಿನಿಂದ ಬೀಳುತ್ತಿರುತ್ತದೆ, ಅಕ್ಕಪಕ್ಕದಲ್ಲಿ ಬೇರೇನೂ ಇರುವುದಿಲ್ಲ. ಅಂಗಡಿಯಲ್ಲಿಯೋ ಪೆಟ್ಟಿಗೆ ತನ್ನ ಆಯುಷ್ಯದ ಹೆಚ್ಚಿನ ಭಾಗವನ್ನು ಅರ್ಧ ಖಾಲಿಯಾಗಿ ಕಳೆಯುತ್ತದೆ. ಮುಂದಿನ ಸಾಲು ಖಾಲಿಯಾದೊಡನೆ ಭಾರ ಹಿಂದಕ್ಕೆ ಸರಿದು ಪೆಟ್ಟಿಗೆ ಮಗುಚುತ್ತದೆ. ಇಲ್ಲವೇ ಉಳಿದ ಎರಡು ಪೊಟ್ಟಣಗಳು ಕತ್ತಲ ಮೂಲೆ ಸೇರುತ್ತವೆ. ಸಣ್ಣ ಪೊಟ್ಟಣಗಳಿಗೆ ತಳವನ್ನು ತುಸು ಮುಂದಕ್ಕೆ ಇಳಿಜಾರು ಮಾಡಿದರೆ ಸರಕು ತಾನಾಗಿ ತುಟಿಯ ಬಳಿ ಬಂದು ನಿಲ್ಲುತ್ತದೆ. ಒಳಬೆನ್ನಿನ ಮೇಲೆ ತಯಾರಕರ ಊರಿನ ಹೆಸರು ಮುದ್ರಿಸಿದ್ದರೆ ಖಾಲಿ ಪೆಟ್ಟಿಗೆಯೂ ಮಾತಾಡುತ್ತದೆ.

ಹಾಳೆಗೂ ಒಂದು ಸ್ವಭಾವವಿದೆ. ಕಾರ್ಖಾನೆಯಲ್ಲಿ ಹಾಳೆ ಹರಿದುಬರುವ ದಿಕ್ಕಿನಲ್ಲಿಯೇ ಅದರ ನಾರುಗಳು ಹೆಚ್ಚಾಗಿ ಮಲಗಿರುತ್ತವೆ. ಆ ದಿಕ್ಕಿನಲ್ಲಿ ರಟ್ಟು ಅಡ್ಡ ದಿಕ್ಕಿಗಿಂತ ಸುಮಾರು ಎರಡು ಪಟ್ಟು ಬಿಗುಪು. ಹೈದರಾಬಾದಿನ ಮೇ ತಿಂಗಳ ಒಣ ಬಿಸಿಲಿನಲ್ಲಿ ಹಾಳೆ ತೇವ ಬಿಡುತ್ತದೆ, ಜುಲೈ ಮಳೆಯಲ್ಲಿ ತೇವ ಹೀರುತ್ತದೆ. ಹೀರಿದಾಗ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ. ಹೆಸರು ಹೊತ್ತ ಹಣೆಫಲಕ ನೆಟ್ಟಗೆ ನಿಲ್ಲಬೇಕಾದರೆ ಅದರಲ್ಲಿ ನಾರು ಕೆಳಗಿನಿಂದ ಮೇಲಕ್ಕೆ ಓಡಬೇಕು. ಒಂದು ಹಾಳೆಯಲ್ಲಿ ಇನ್ನೊಂದು ಪೆಟ್ಟಿಗೆ ಹೆಚ್ಚು ಹಿಡಿಸೀತು ಎಂಬ ಆಸೆಗೆ ನಕ್ಷೆಯನ್ನು ಅಡ್ಡ ತಿರುಗಿಸಿದರೆ, ಮಳೆಗಾಲದ ಎರಡನೆಯ ವಾರಕ್ಕೆ ಆ ಹಣೆ ಹಿಂದಕ್ಕೆ ಬಾಗಿ ಸೂರು ನೋಡುತ್ತದೆ. ಅಂಗಡಿಯವನು ಅದನ್ನು ಹರಿದು ತೆಗೆಯುತ್ತಾನೆ. ಉಳಿತಾಯವಾದದ್ದು ಪೈಸೆಗಳಲ್ಲಿ, ಕಳೆದುಹೋದದ್ದು ಹೆಸರು.

ಎಲ್ಲಕ್ಕಿಂತ ಮುಖ್ಯವಾದದ್ದು ಪೆಟ್ಟಿಗೆಯನ್ನು ನಿಲ್ಲಿಸುವವನ ವಿಚಾರ. ಅವನು ವಿನ್ಯಾಸಕನಲ್ಲ, ತಯಾರಕನೂ ಅಲ್ಲ. ಬೇಗಂ ಬಜಾರಿನ ಸಗಟು ಮಳಿಗೆಯಿಂದ ದ್ವಿಚಕ್ರದ ಮೇಲೆ ಸರಕು ಹೇರಿಕೊಂಡು ದಿನಕ್ಕೆ ಹತ್ತಾರು ಅಂಗಡಿ ಸುತ್ತುವ ಹುಡುಗ, ಇಲ್ಲವೇ ಅಂಗಡಿಯಲ್ಲಿ ಮೂಟೆ ಎತ್ತುವ ಆಳು. ಅವನಿಗಿರುವ ಪುರುಸೊತ್ತು ಅರ್ಧ ನಿಮಿಷ. ಪೆಟ್ಟಿಗೆಯ ತಳದಲ್ಲಿ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಮಡಿಸುವ ಕ್ರಮ ಅಚ್ಚಾಗಿರುತ್ತದೆ. ಅವನು ಅದನ್ನು ಓದುವುದಿಲ್ಲ. ಓದಬೇಕಾದ ಗರಜೂ ಅವನಿಗಿಲ್ಲ. ಅರ್ಧ ನಿಮಿಷದಲ್ಲಿ ನಿಲ್ಲದ ಪೆಟ್ಟಿಗೆ ಅಕ್ಕಿಯ ಚೀಲದ ಮುಚ್ಚಳವಾಗುತ್ತದೆ, ಬೇಸಿಗೆಯಲ್ಲಿ ಬೀಸಣಿಗೆಯಾಗುತ್ತದೆ. ನಾನಾದರೆ ಪ್ರತಿ ವಿನ್ಯಾಸಕ್ಕೂ ಒಂದೇ ಪರೀಕ್ಷೆ ಇಡುವೆನು. ಹಿಂದೆಂದೂ ಅದನ್ನು ನೋಡದ ಒಬ್ಬರ ಕೈಗೆ ಚಪ್ಪಟೆ ಹಾಳೆ ಕೊಟ್ಟು ಸುಮ್ಮನಿರಬೇಕು. ಅಂಟು, ಪಟ್ಟಿ, ಮಾತು ಯಾವುದೂ ಇಲ್ಲದೆ ಮೂವತ್ತು ಸೆಕೆಂಡಿನಲ್ಲಿ ಅದು ನಿಂತರೆ ತೇರ್ಗಡೆ, ಇಲ್ಲವಾದರೆ ಮತ್ತೆ ನಕ್ಷೆಯ ಮೇಜಿಗೆ.

ಇಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ಕಾರ್ಖಾನೆಯಲ್ಲಿಯೇ ಅಂಟಿಸಿ, ಬದಿಗಳನ್ನು ಒತ್ತಿದೊಡನೆ ತಾನಾಗಿ ಕೂಡಿಕೊಳ್ಳುವ ತಳವನ್ನು ಮಾಡಬಹುದು. ಅದಕ್ಕೆ ಪ್ರತಿ ಪೆಟ್ಟಿಗೆಗೆ ತುಸು ಹೆಚ್ಚು ಖರ್ಚು. ಆ ಖರ್ಚು ಉಳಿಸಲು ನಾಲ್ಕು ಕಿವಿಗಳನ್ನು ನಾಲ್ಕು ಸೀಳುಗಳಿಗೆ ತೂರಿಸುವ ತಳ ಮಾಡಿದರೆ, ಉಳಿದ ಹಣ ತಯಾರಕನ ಲೆಕ್ಕಕ್ಕೆ, ಬೆರಳಿನ ಶ್ರಮ ಅಂಗಡಿಯ ಆಳಿನ ಲೆಕ್ಕಕ್ಕೆ. ಕೂಲಿಯಿಲ್ಲದ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟುವುದನ್ನು ಮಿತವ್ಯಯ ಎನ್ನಲಾಗದು. ಆ ಆಳು ತನ್ನ ಪ್ರತಿಭಟನೆಯನ್ನು ಸದ್ದಿಲ್ಲದೆ ತೋರಿಸುತ್ತಾನೆ: ಪೆಟ್ಟಿಗೆಯನ್ನು ತೆರೆಯುವುದೇ ಇಲ್ಲ.

ಹೊಳಪಿನ ಮೋಹವನ್ನೂ ಇಲ್ಲಿ ಪ್ರಸ್ತಾಪಿಸಬೇಕು. ರಟ್ಟಿನ ಮೇಲೆ ತೆಳು ಪ್ಲಾಸ್ಟಿಕ್ಕಿನ ಲ್ಯಾಮಿನೇಶನ್ ಹಾಕಿದರೆ ಬಣ್ಣ ಮಿರುಗುತ್ತದೆ. ಆದರೆ ಕಾಗದ ಮತ್ತು ಪ್ಲಾಸ್ಟಿಕ್ ಒಂದಕ್ಕೊಂದು ಅಂಟಿಕೊಂಡ ಹಾಳೆಯನ್ನು ಮತ್ತೆ ನೀರಿನಲ್ಲಿ ಕದಡಿ ತಿರುಳು ಮಾಡುವುದು ಕಷ್ಟ. ಶುದ್ಧ ರಟ್ಟಿಗೆ ರದ್ದಿ ಪೇಟೆಯಲ್ಲಿರುವ ಮಾನ ಅದಕ್ಕಿಲ್ಲ. 2022ರ ಜುಲೈ 1ರಿಂದ ಜಾರಿಗೆ ಬಂದ ಪ್ಲಾಸ್ಟಿಕ್ ನಿಷೇಧದಲ್ಲಿ ಸಿಹಿತಿಂಡಿಯ ಡಬ್ಬಿ, ಕರೆಯೋಲೆ, ಸಿಗರೇಟು ಪೊಟ್ಟಣಗಳ ಸುತ್ತ ಸುತ್ತುವ ತೆಳುಹಾಳೆಯೂ ಸೇರಿದೆ. ಪೆಟ್ಟಿಗೆಗೇ ಅಂಟಿಸಿದ ಹೊಳಪನ್ನು ಆ ಪಟ್ಟಿ ಹೆಸರಿಸಿಲ್ಲ. ಅದನ್ನು ಬಿಡುವುದು ನಮ್ಮ ವಿವೇಕಕ್ಕೆ ಸೇರಿದ್ದು. ನೀರಿನಲ್ಲಿ ಕರಗಿಸಿದ ವಾರ್ನಿಶ್ ಸಾಕಷ್ಟು ಕಾಪಾಡುತ್ತದೆ. ಅಗ್ಗದ ಡ್ಯುಪ್ಲೆಕ್ಸ್ ರಟ್ಟಿನ ಬೆನ್ನು ಬೂದುಬಣ್ಣವಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಅದು ಹಳೆಯ ಪತ್ರಿಕೆ, ಹಳೆಯ ಪೆಟ್ಟಿಗೆಗಳ ತಿರುಳು. ಇಂದಿನ ಪೆಟ್ಟಿಗೆ ನಾಳಿನ ಪೆಟ್ಟಿಗೆಯ ಬೆನ್ನಾಗಬೇಕಾದರೆ ಅದರ ಮೈಮೇಲೆ ಪ್ಲಾಸ್ಟಿಕ್ ಇರಬಾರದು.

ಇನ್ನು ಹಣೆಫಲಕದ ಭಾಷೆ. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿರಬೇಕು. ಅದರ ಜೊತೆಗೆ ಬೇರೆ ಯಾವ ಭಾಷೆಯನ್ನಾದರೂ ಬಳಸಲು ಅಡ್ಡಿಯಿಲ್ಲ ಎಂದು ಅದೇ ನಿಯಮ ಹೇಳುತ್ತದೆ. ಇದರ ಮೊದಲರ್ಧವನ್ನಷ್ಟೇ ಓದಿಕೊಂಡ ನಮ್ಮವರು ಹಣೆಯ ಮೇಲೂ ಬರಿಯ ಇಂಗ್ಲಿಷನ್ನು ಇಡುತ್ತಾರೆ. ತೆಲಂಗಾಣದಲ್ಲಿ ಕನ್ನಡ ಅಕ್ಷರ ಕಂಡರೆ ಗಿರಾಕಿ ಹಿಂಜರಿಯುತ್ತಾನೆ ಎಂಬುದು ಅವರ ಅಂಜಿಕೆ. ಈ ಅಂಜಿಕೆಗೆ ಆಧಾರವಿಲ್ಲವೆಂದೇ ನನಗೆ ತೋರುತ್ತದೆ. ಕನ್ನಡ ತೆಲುಗು ಲಿಪಿಗಳು ಒಂದೇ ತಾಯಿಬೇರಿನಿಂದ ಕವಲೊಡೆದವು. ಚಾಲುಕ್ಯರ ಕಾಲದ ಶಾಸನಗಳ ಲಿಪಿ ಎರಡು ನಾಡಿಗೂ ಸೇರಿದ್ದು. ‘ರೊಟ್ಟಿ’ ಎಂದು ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದರೆ ತೆಲುಗು ಓದಬಲ್ಲವರು ಅಕ್ಷರ ಕೂಡಿಸಿ ಊಹಿಸಬಲ್ಲರು. ಅದರ ಕೆಳಗೆ ತೆಲುಗಿನಲ್ಲಿ, ಉರ್ದುವಿನಲ್ಲಿ ಒಂದೊಂದು ಸಾಲು ಸೇರಿಸಿದರೆ ಈ ಊರಿನ ಮರ್ಯಾದೆಗೂ ಒಪ್ಪುತ್ತದೆ. ಕಲಬುರಗಿ ಎಂಬ ಹೆಸರು ಈ ಊರಿನಲ್ಲಿ ಅಪರಿಚಿತವಲ್ಲ. ಅದನ್ನು ಮರೆಮಾಚಿ ಎಲ್ಲಿಯದೂ ಅಲ್ಲದ ಇಂಗ್ಲಿಷ್ ಹೆಸರಿಟ್ಟುಕೊಂಡ ರೊಟ್ಟಿ, ಮೂಲ ವಿಳಾಸವನ್ನು ತಾನೇ ಅಳಿಸಿಕೊಂಡ ಪತ್ರದಂತೆ. ಹೊರನಾಡಿನಲ್ಲಿ ಕನ್ನಡ ಓದುವ ಮಕ್ಕಳಿಗೆ ಬೀದಿಯಲ್ಲಿ ಕಾಣುವ ಕನ್ನಡ ಅಕ್ಷರಗಳೇ ಅಪರೂಪ. ಗಲ್ಲಾದ ಮೇಲಿನ ಒಂದು ಪದವೂ ಅವರಿಗೆ ಪಾಠವಾದೀತು.

ಇದಕ್ಕೆಲ್ಲ ಎದುರು ಬರುವ ದೊಡ್ಡ ಆಕ್ಷೇಪ ಖರ್ಚಿನದು. ಅದು ಸಾಧುವಾದ ಆಕ್ಷೇಪ. ಹತ್ತು ರೊಟ್ಟಿಯ ಕಟ್ಟು ಮಾರಿ ಕೆಲವು ರೂಪಾಯಿ ಉಳಿಸಿಕೊಳ್ಳುವವರಿಗೆ ಡೈ ಮಾಡಿಸಿ, ಸಾವಿರಾರು ಹಾಳೆ ಮುದ್ರಿಸಿ ಎಂದರೆ ಅದು ಮೂಗಿಗಿಂತ ಮೂಗುತಿ ಭಾರವಾದಂತೆ. ಆದರೆ ಖರ್ಚು ಎಲ್ಲಿದೆ ಎಂದು ಬಿಡಿಸಿ ನೋಡಬೇಕು. ನಕ್ಷೆ ಮತ್ತು ಡೈ ಒಂದು ಸಲದ ಖರ್ಚು; ಒಮ್ಮೆ ಮಾಡಿಸಿದ ಡೈ ಸಾವಿರಾರು ಹಾಳೆ ಕತ್ತರಿಸುತ್ತದೆ. ಬಣ್ಣದ ಮುದ್ರಣ ಕಡಿಮೆ ಪ್ರತಿಗಳಿಗೆ ದುಬಾರಿ. ಹಾಗಾದರೆ ಪೆಟ್ಟಿಗೆಯ ಮೈಗೆ ಮುದ್ರಣವೇ ಬೇಡ. ಬರಿಯ ಕಂದು ರಟ್ಟು ಸಾಕು, ಅದಕ್ಕೂ ಒಂದು ಚೆಲುವಿದೆ. ಹಣೆಫಲಕವನ್ನು ಬಿಡಿಯಾಗಿ ಮಾಡಿ ಸೀಳಿನಲ್ಲಿ ತೂರಿಸುವಂತಿಟ್ಟರೆ, ಕರೆಯೋಲೆ ಮುದ್ರಿಸುವವರ ಬಳಿ ಇನ್ನೂರು ಹಣೆಗಳನ್ನು ಮುದ್ರಿಸಿಕೊಳ್ಳಬಹುದು. ಹತ್ತು ತಯಾರಕರಿಗೆ ಒಂದು ಡೈ, ಹತ್ತು ಹಣೆಗಳು. ದೊಡ್ಡ ಕಂಪನಿಗಳು ಪ್ರತಿ ಸರಕಿಗೂ ಹೊಸ ಪೆಟ್ಟಿಗೆ ಮಾಡಿಸುವುದು ಅವರಿಗೆ ಹಣವಿದೆ ಎಂದು. ಹಣವಿಲ್ಲದವರಿಗೆ ಹಂಚಿಕೆಯೇ ಬಂಡವಾಳ.

ಆ ಒಂದು ಡೈಯನ್ನು ಯಾರು ಮಾಡಿಸಬೇಕು? ಸರ್ಕಾರದ ಇಲಾಖೆಗಳನ್ನು ಬೆರಳು ಮಾಡಿ ತೋರಿಸುವುದು ಸುಲಭ. ನಾನು ನಮ್ಮತ್ತಲೇ ತೋರಿಸುತ್ತೇನೆ. ಹೈದರಾಬಾದ್ ಸಿಕಂದರಾಬಾದುಗಳಲ್ಲಿ ಕನ್ನಡ ಸಂಘಗಳಿವೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳಂಥ ಹಿರಿಯ ಸಂಸ್ಥೆಗಳಿವೆ. ಹೊರನಾಡ ಸಂಘಗಳು ರಾಜ್ಯೋತ್ಸವಕ್ಕೆ, ಹಾರ ಶಾಲುಗಳಿಗೆ, ಮರುದಿನ ಕಪಾಟು ಸೇರುವ ಸ್ಮರಣಿಕೆಗಳಿಗೆ ಹಣ ಹೊಂದಿಸಬಲ್ಲವು. ಒಂದು ವರ್ಷದ ಸ್ಮರಣಿಕೆಗಳ ಹಣದಲ್ಲಿ ಒಂದು ಡೈ ಬಂದೀತು, ಮೊದಲ ಕಂತಿನ ರಟ್ಟೂ ಬಂದೀತು. ವಿನ್ಯಾಸ ಬಲ್ಲ ಯುವಕ ಯುವತಿಯರು ನಮ್ಮ ನಡುವೆ ಇದ್ದಾರೆ. ಅವರಿಗೆ ಈ ಕೆಲಸ ಒಪ್ಪಿಸಿ, ಗಲ್ಲಾದ ಮುಂದೆ ಹತ್ತು ದಿನ ನಿಲ್ಲಿಸಿ ಅನಂತರ ಗೆರೆ ಎಳೆಯಲು ಹೇಳಬೇಕು. ಬೀದರಿನ ಬಿದರಿ ಕುಸುರಿಯವರಿಗೂ ಚಟ್ನಿಪುಡಿಯ ಹೆಣ್ಣುಮಕ್ಕಳಿಗೂ ಅದೇ ಪೆಟ್ಟಿಗೆ ಒದಗುತ್ತದೆ. ಕಪ್ಪು ಲೋಹದ ಮೇಲೆ ಬೆಳ್ಳಿಯ ಎಳೆ ಕೂರಿಸಿದ ಬಿದರಿಯ ಸಣ್ಣ ವಸ್ತುಗಳನ್ನು ಮಖಮಲ್ಲಿನ ಡಬ್ಬಿಯೊಳಗೆ ಮುಚ್ಚಿಡುವುದಕ್ಕಿಂತ ಕಂದು ರಟ್ಟಿನ ಬೆನ್ನಿಗೆ ಒರಗಿಸಿ ಇಟ್ಟರೆ ಬೆಳ್ಳಿ ಚೆನ್ನಾಗಿ ಕಾಣುತ್ತದೆ.

ಸಾಹಿತ್ಯದ ಗೆಳೆಯರಿಗೆ ಇನ್ನೊಂದು ಮಾತು. ಒರಗಿಸಿ ನಿಲ್ಲಿಸುವ ಆ ರೊಟ್ಟಿಯ ಪೆಟ್ಟಿಗೆಯಲ್ಲಿ ಡೆಮ್ಮಿ ಅಷ್ಟಮ ಅಳತೆಯ ಪುಸ್ತಕಗಳೂ ನಿಲ್ಲುತ್ತವೆ. ಐದು ಅಂಗುಲದ ಆಳವೆಂದರೆ ಹತ್ತು ಹನ್ನೆರಡು ತೆಳ್ಳಗಿನ ಪುಸ್ತಕಗಳು. ಕನ್ನಡ ಪುಸ್ತಕ ಹೊರನಾಡಿನಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಸಮಾರಂಭಗಳ ಬಾಗಿಲಲ್ಲಿ ಹಾಕಿದ ಮೇಜಿನ ಮೇಲೆ, ವರ್ಷಕ್ಕೆ ನಾಲ್ಕಾರು ಸಲ. ಓದುಗರಿಲ್ಲವೆಂದು ನಾವು ಕೊರಗುತ್ತೇವೆ. ಓದುಗನ ಕಣ್ಣೆದುರು ಪುಸ್ತಕ ಎಷ್ಟು ದಿನ ಇತ್ತು ಎಂಬ ಲೆಕ್ಕ ಮಾತ್ರ ಇಡುವುದಿಲ್ಲ. ಉಡುಪಿ ಹೋಟೆಲಿನ ಗಲ್ಲಾದ ಮೇಲೆ, ಕನ್ನಡಿಗರು ಹೋಗಿಬರುವ ಔಷಧದ ಅಂಗಡಿಯಲ್ಲಿ, ದಂತವೈದ್ಯರ ಕಾಯುವ ಕೋಣೆಯಲ್ಲಿ ಒಂದೊಂದು ಪೆಟ್ಟಿಗೆ ವರ್ಷವಿಡೀ ನಿಂತರೆ ಅದೊಂದು ಪುಸ್ತಕದಂಗಡಿ. ಅದಕ್ಕೆ ಬಾಡಿಗೆಯಿಲ್ಲ, ಸಂಬಳದ ಮಾರಾಟಗಾರನಿಲ್ಲ. ಕವಿತೆಯನ್ನು ರೊಟ್ಟಿಯ ಸಾಲಿಗೆ ತಂದೆನೆಂದು ಯಾರೂ ನೊಂ­ದುಕೊಳ್ಳಬೇಕಾಗಿಲ್ಲ. ಎರಡೂ ಕೈಯಿಂದ ತಟ್ಟಿ ಹದಮಾಡಿದವು, ಎರಡೂ ಕೊಳ್ಳುವವರ ಕಣ್ಣಿಗೆ ಬೀಳದೆ ಹಳಸುತ್ತಿವೆ.

ರಟ್ಟಿನ ಪೆಟ್ಟಿಗೆ ಒಂದು ಭಾಷೆಯನ್ನು ಉಳಿಸುತ್ತದೆ, ಒಂದು ಸೀಮೆಯ ಬಡತನ ನೀಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ಮಾಡಬಲ್ಲ ಕೆಲಸ ಸಣ್ಣದು ಮತ್ತು ಖಚಿತವಾದದ್ದು. ಕೇಳಲು ಹೆಸರು ಗೊತ್ತಿಲ್ಲದವನಿಗೆ ಅದು ವಸ್ತುವನ್ನು ತೋರಿಸುತ್ತದೆ, ಮಾರಲು ಮಳಿಗೆಯಿಲ್ಲದವಳಿಗೆ ಗೇಣಗಲದ ಮಳಿಗೆ ಕೊಡುತ್ತದೆ. ಅಷ್ಟನ್ನು ಅದು ಸರಿಯಾಗಿ ಮಾಡಬೇಕಾದರೆ ರೂಪಿಸುವವರು ಪರದೆಯ ಮುಂದಿನಿಂದ ಎದ್ದು ಗಲ್ಲಾದ ಮುಂದೆ ಬರಬೇಕು, ಮಾಡಿಸುವವರು ಹೊಳಪಿಗೆ ಕೊಡುವ ಹಣವನ್ನು ಗಟ್ಟಿ ತಳಕ್ಕೆ ಕೊಡಬೇಕು, ನಮ್ಮಂಥ ಸಂಘಗಳು ವರ್ಷಕ್ಕೊಂದು ಶಾಲು ಕಡಿಮೆ ಹೊದಿಸಬೇಕು. ಮೂರೂ ನಮ್ಮ ಕೈಯಳತೆಯಲ್ಲಿಯೇ ಇವೆ. ಬರುವ ರಾಜ್ಯೋತ್ಸವದ ಖರ್ಚಿನ ಪಟ್ಟಿ ಬರೆಯಲು ಕುಳಿತಾಗ ಅದರಲ್ಲಿ ಒಂದು ಸಾಲು ಡೈಗಾಗಿ ಇರಲಿ.